ಕಂಪನಿ ಕಾನೂನು ತಲೆಗೆ ಹತ್ತುತ್ತಿಲ್ಲ. ಕನ್ನಡ ಮಾಧ್ಯಮದಿಂದ ಬಂದವರು ಹೇಗೆ ಓದಿದಿರಿ?

ರೈಲಿನ ಹುಡುಗಿ, ಮಂಡ್ಯ

ಎಲ್ಲರಿಗೂ ನಮಸ್ಕಾರ. ಮೈಸೂರಿನಲ್ಲಿ ಮೂರು ವರ್ಷದ ಎಲ್‌ಎಲ್‌ಬಿ ಓದುತ್ತಿದ್ದೇನೆ. ದಿನಾ ಮಂಡ್ಯದಿಂದ ರೈಲಿನಲ್ಲಿ ಓಡಾಟ. ಎಸ್ಸೆಸ್ಸೆಲ್ಸಿವರೆಗೆ ಕನ್ನಡ ಮಾಧ್ಯಮ.

ಈ ಸೆಮಿಸ್ಟರ್‌ನಲ್ಲಿ ಕಂಪನಿ ಕಾನೂನು ಇದೆ. ಅಪರಾಧ ಕಾನೂನು ಓದುವಾಗ ಕಳ್ಳ, ಪೊಲೀಸು, ಕೋರ್ಟು ಎಲ್ಲ ಕಣ್ಣ ಮುಂದೆ ಬರುತ್ತವೆ. ಆಸ್ತಿ ಭಾಗದ ಕಾನೂನು ಓದುವಾಗ ನಮ್ಮ ದೊಡ್ಡಪ್ಪನ ಮನೆ ಜಗಳವೇ ನೆನಪಾಗುತ್ತದೆ. ಇದರಲ್ಲಿ ಏನೂ ಕಾಣಿಸುವುದಿಲ್ಲ. 2013ರ ಕಾಯ್ದೆಯಲ್ಲಿ 470 ಸೆಕ್ಷನ್ ಇವೆ. ಮೊದಲ ದಿನವೇ "ಕಂಪನಿ ಎಂದರೆ ಕಾನೂನಿನ ದೃಷ್ಟಿಯಲ್ಲಿ ಒಬ್ಬ ವ್ಯಕ್ತಿ" ಎಂದು ಬರೆಸಿದರು. ಬರೆದುಕೊಂಡೆ. ಅರ್ಥ ಆಗಿಲ್ಲ.

ಇನ್ನೊಂದು ಕಾರಣವೂ ಇದೆ. ನಮ್ಮಪ್ಪ ಮತ್ತು ಅವರ ಸ್ನೇಹಿತರು ಸೇರಿ ಹದಿನಾಲ್ಕು ವರ್ಷದಿಂದ ಆಲೆಮನೆ ನಡೆಸುತ್ತಿದ್ದಾರೆ. ಅರ್ಧ ಅರ್ಧ ಪಾಲು. ಈಗ ಊರಲ್ಲಿ ಕೆಲವರು "ಪ್ರೈವೇಟ್ ಲಿಮಿಟೆಡ್ ಮಾಡಿಬಿಡಿ" ಅನ್ನುತ್ತಾರೆ. ಕೆಲವರು ರೈತ ಉತ್ಪಾದಕ ಕಂಪನಿ ಮಾಡಿ ಅನ್ನುತ್ತಾರೆ. ಮೊನ್ನೆ ಊಟಕ್ಕೆ ಕೂತಾಗ ಅಪ್ಪ ಕೇಳಿದರು, "ಲಾ ಓದ್ತಾ ಇದ್ದೀಯಲ್ಲ ಮಗ, ಯಾವುದು ಒಳ್ಳೇದು ಹೇಳು." ನನಗೆ ಬಾಯಿ ಬರಲಿಲ್ಲ. ಪರೀಕ್ಷೆಗಿಂತ ಅದೇ ಜಾಸ್ತಿ ಕೊರೆಯುತ್ತಿದೆ. ದಯವಿಟ್ಟು ದಾರಿ ಹೇಳಿ.

ಕೊನೇ ವರ್ಷದವನು

ಅಕ್ಕ, ಮೊದಲು ಪಾಸಾಗುವ ದಾರಿ ನೋಡಿ. ಕೆಲವು ಸೆಕ್ಷನ್ ಬಾಯಿಪಾಠ ಆಗಲೇಬೇಕು. ಸೆಕ್ಷನ್ 3 ಸ್ಥಾಪನೆ, 4 ಮೆಮೊರಾಂಡಂ, 5 ಆರ್ಟಿಕಲ್ಸ್, 7 ನೋಂದಣಿ, 9 ನೋಂದಣಿಯ ಪರಿಣಾಮ, 135 ಸಿಎಸ್‌ಆರ್ (ಕಂಪನಿಯ ಸಾಮಾಜಿಕ ಹೊಣೆ), 166 ಡೈರೆಕ್ಟರುಗಳ ಕರ್ತವ್ಯ. ಸಂಖ್ಯೆಗಳೂ ಅಷ್ಟೇ. ಪಬ್ಲಿಕ್ ಕಂಪನಿಗೆ ಕನಿಷ್ಠ 7 ಸದಸ್ಯರು, ಪ್ರೈವೇಟ್‌ಗೆ 2, ಏಕವ್ಯಕ್ತಿ ಕಂಪನಿಗೆ 1. ಪ್ರೈವೇಟ್ ಕಂಪನಿಗೆ ಗರಿಷ್ಠ 200.

ಒಂದು ಎಚ್ಚರಿಕೆ. ಸೀನಿಯರ್‌ಗಳ ಹಳೇ ನೋಟ್ಸ್ ಜೆರಾಕ್ಸ್ ಮಾಡಿಸಿ ಓದಬೇಡಿ. ನನಗೆ ಸಿಕ್ಕಿದ್ದ ನೋಟ್ಸ್‌ನಲ್ಲಿ ಅರ್ಧ 1956ರ ಕಾಯ್ದೆಯೇ ಇತ್ತು. ಪ್ರೈವೇಟ್ ಕಂಪನಿಗೆ ಗರಿಷ್ಠ 50 ಸದಸ್ಯರು ಎಂದಿತ್ತು. ಕನಿಷ್ಠ ಬಂಡವಾಳ 1 ಲಕ್ಷ ಎಂದಿತ್ತು. ಆ 1 ಲಕ್ಷದ ನಿಯಮವನ್ನು 2015ರ ತಿದ್ದುಪಡಿಯಲ್ಲೇ ತೆಗೆದಿದ್ದಾರೆ. ಕಂಪನಿ ಲಾ ಬೋರ್ಡ್ ಹೋಗಿ 2016ರ ಜೂನ್‌ನಿಂದ ಎನ್‌ಸಿಎಲ್‌ಟಿ, ಅಂದರೆ ರಾಷ್ಟ್ರೀಯ ಕಂಪನಿ ಕಾನೂನು ನ್ಯಾಯಮಂಡಳಿ ಬಂದಿದೆ. ನಾನು ಇಂಟರ್ನಲ್ಸ್‌ನಲ್ಲಿ ಹಳೆಯದನ್ನೇ ಬರೆದು ಅಂಕ ಕಳೆದುಕೊಂಡೆ. ಕಾಯ್ದೆಯ ಪೂರ್ತಿ ಪಾಠ ಇಂಡಿಯಾ ಕೋಡ್ ಜಾಲತಾಣದಲ್ಲಿ ಪುಕ್ಕಟೆ ಸಿಗುತ್ತದೆ. ಅದನ್ನೇ ಪಕ್ಕದಲ್ಲಿ ಇಟ್ಟುಕೊಳ್ಳಿ.

ಹಳೇ ಮೇಷ್ಟ್ರು, ಸರಸ್ವತಿಪುರಂ

ಮಗಳೇ, ನಾನು ಬಹಳ ವರ್ಷ ಬಿ.ಕಾಂ. ಮಕ್ಕಳಿಗೆ ಈ ವಿಷಯ ಹೇಳಿಕೊಟ್ಟವನು. ಮೇಲಿನ ಹುಡುಗ ಹೇಳಿದ್ದು ಸುಳ್ಳಲ್ಲ. ಆದರೆ ಅದು ಎರಡನೇ ಮೆಟ್ಟಿಲು. ಮೊದಲ ಮೆಟ್ಟಿಲು ಒಂದೇ ಮಾತು: ಕಂಪನಿ ಬೇರೆ, ಅದರ ಮಾಲೀಕ ಬೇರೆ. ಇದು ನಿಜವಾಗಿ ಒಳಗಿಳಿದರೆ ಮಿಕ್ಕಿದ್ದೆಲ್ಲ ಅದರ ಹಿಂದೆಯೇ ಬರುತ್ತದೆ. ಇಳಿಯದಿದ್ದರೆ 470 ಸೆಕ್ಷನ್ ಬಾಯಿಪಾಠ ಮಾಡಿದರೂ ಸಮಸ್ಯೆ ಕೊಟ್ಟ ತಕ್ಷಣ ಕೈ ನಡುಗುತ್ತದೆ.

ಸಾಲೊಮನ್ ಪ್ರಕರಣ, 1897, ಇಂಗ್ಲೆಂಡಿನ ಹೌಸ್ ಆಫ್ ಲಾರ್ಡ್ಸ್ ತೀರ್ಪು. ಅದನ್ನು ನಿಮ್ಮ ಆಲೆಮನೆಗೆ ತಂದು ನೋಡು. ಸಾಲೊಮನ್ ಬೂಟು ಮಾಡುವವನು. ಒಂದು ಕಂಪನಿ ಮಾಡಿ ತನ್ನ ವ್ಯಾಪಾರವನ್ನು ಅದಕ್ಕೆ ಮಾರಿದ. ಒಟ್ಟು 20,007 ಷೇರು. ಅದರಲ್ಲಿ 20,001 ಅವನದೇ. ಹೆಂಡತಿ ಮತ್ತು ಐದು ಮಕ್ಕಳಿಗೆ ಒಂದೊಂದು. ಮಾರಾಟದ ಹಣದಲ್ಲಿ 10,000 ಪೌಂಡನ್ನು ಕಂಪನಿ ತನಗೆ ಕೊಡಬೇಕಾದ ಸಾಲ ಎಂದು ಡಿಬೆಂಚರ್, ಅಂದರೆ ಸಾಲಪತ್ರ ಬರೆಸಿಕೊಂಡ. ಕಂಪನಿ ಬೇಗ ಮುಳುಗಿತು. ಚರ್ಮ ಕೊಟ್ಟವರು, ಸಾಲ ಕೊಟ್ಟವರು "ಇದೆಲ್ಲ ಅವನೇ ಅಲ್ವಾ, ಅವನೇ ಕೊಡಲಿ" ಅಂದರು. ಕೆಳಗಿನ ಎರಡು ಕೋರ್ಟುಗಳೂ ಅವನ ವಿರುದ್ಧ ಹೇಳಿದವು. ಹೌಸ್ ಆಫ್ ಲಾರ್ಡ್ಸ್ ಒಪ್ಪಲಿಲ್ಲ. ಕಾನೂನು ಪ್ರಕಾರ ನೋಂದಣಿ ಆದ ಮೇಲೆ ಕಂಪನಿ ಬೇರೆಯೇ ವ್ಯಕ್ತಿ. ಅದರ ಸಾಲ ಅದರದು. ಅವನ ಡಿಬೆಂಚರ್‌ಗೆ ಭದ್ರತೆ ಇದ್ದದ್ದರಿಂದ ಸಾಲ ಕೊಟ್ಟ ಉಳಿದವರಿಗಿಂತ ಮೊದಲ ಹಕ್ಕು ಅದಕ್ಕೇ.

ಇದು ಲಾಭದ ಕಡೆ. ನಷ್ಟದ ಕಡೆಯೂ ಅಷ್ಟೇ ಗಟ್ಟಿ. 1925ರ ಮಕೌರಾ ಪ್ರಕರಣ ನೋಡು. ಒಬ್ಬ ಜಮೀನ್ದಾರ ತನ್ನ ಮರದ ದಿಮ್ಮಿಗಳನ್ನೆಲ್ಲ ತನ್ನದೇ ಕಂಪನಿಗೆ ಮಾರಿದ. ಷೇರೆಲ್ಲ ಅವನ ಕಡೆಯವೇ. ವಿಮೆ ಮಾತ್ರ ತನ್ನ ಹೆಸರಲ್ಲಿ ಮಾಡಿಸಿದ್ದ. ಬೆಂಕಿ ಬಿತ್ತು. ವಿಮೆಯವರು ಒಂದು ಕಾಸು ಕೊಡಲಿಲ್ಲ. ಕೋರ್ಟು ಹೇಳಿತು: ದಿಮ್ಮಿ ನಿನ್ನದಲ್ಲ, ಕಂಪನಿಯದು. ನಾಳೆ ನಿಮ್ಮ ಅಪ್ಪ ಆಲೆಮನೆಯನ್ನು ಕಂಪನಿ ಮಾಡಿ, ಗಾಣ, ಕೊಪ್ಪರಿಗೆ, ಮೋಟರು ಎಲ್ಲ ಕಂಪನಿಗೆ ಬರೆದುಕೊಟ್ಟು, ವಿಮೆ ಮಾತ್ರ ತಮ್ಮ ಹೆಸರಲ್ಲೇ ಬಿಟ್ಟರೆ ಇದೇ ಗತಿ.

ನಮ್ಮ ಸುಪ್ರೀಂ ಕೋರ್ಟಿನ ಬಚಾ ಗಜ್ದಾರ್ ಪ್ರಕರಣವನ್ನೂ ಬಿಡಬೇಡ. ಚಹಾ ಕಂಪನಿಯ ಷೇರುದಾರೆ "ಕಂಪನಿಗೆ ಬಂದದ್ದು ಕೃಷಿ ಆದಾಯ, ಆದ್ದರಿಂದ ನನ್ನ ಡಿವಿಡೆಂಡೂ ಆ ಮಟ್ಟಿಗೆ ಕೃಷಿ ಆದಾಯ, ಅದಕ್ಕೆ ತೆರಿಗೆ ಹಾಕುವಂತಿಲ್ಲ" ಎಂದು ವಾದಿಸಿದರು. ಕೋರ್ಟು ಒಪ್ಪಲಿಲ್ಲ. ತೋಟ ಕಂಪನಿಯದು, ಷೇರು ಮಾತ್ರ ನಿಮ್ಮದು.

ಈ ಮೂರನ್ನು ಕನ್ನಡದಲ್ಲೇ ಯೋಚಿಸಿ, ನಿನ್ನ ಮಾತಲ್ಲೇ ಅಮ್ಮನಿಗೆ ಹೇಳು. ಅವರಿಗೆ ಅರ್ಥ ಆದರೆ ನಿನಗೆ ಅರ್ಥ ಆಗಿದೆ ಎಂದೇ ಲೆಕ್ಕ.

ಬಿ.ಕಾಂ. ಹುಡುಗ, ಚಾಮುಂಡಿಪುರಂ

ಸರ್, ಒಂದು ಭಿನ್ನಾಭಿಪ್ರಾಯ. ಕನ್ನಡದಲ್ಲಿ ಯೋಚಿಸಿ ಅಂತ ಹೇಳುವುದು ಸುಲಭ. ಫಾರಂ ಎಲ್ಲ ಇಂಗ್ಲಿಷಿನಲ್ಲಿ, ತೀರ್ಪು ಇಂಗ್ಲಿಷಿನಲ್ಲಿ, ಇಂಟರ್ವ್ಯೂ ಇಂಗ್ಲಿಷಿನಲ್ಲಿ. ಮೊದಲಿಂದಲೇ ಇಂಗ್ಲಿಷಿನಲ್ಲಿ ಓದದಿದ್ದರೆ ಆಮೇಲೆ ಪರದಾಟ ಆಗುವುದಿಲ್ಲವೇ?

ಹಳೇ ಮೇಷ್ಟ್ರು, ಸರಸ್ವತಿಪುರಂ

ಪದ ಇಂಗ್ಲಿಷೇ ಇರಲಿ ಮಗು, ನಾನು ಬೇಡ ಅನ್ನುವುದಿಲ್ಲ. ಡೈರೆಕ್ಟರ್, ಷೇರು, ಡಿಬೆಂಚರ್ ಅಂತಲೇ ಹೇಳು. ಅರ್ಥ ಮಾತ್ರ ನಿನ್ನ ಭಾಷೆಯಲ್ಲಿ ಕೂರಬೇಕು. ನಾನು ತರಗತಿಯಲ್ಲಿ ಮೆಮೊರಾಂಡಂ ಅಂದರೆ ಹೊಲದ ಎಲ್ಲೆಕಲ್ಲು ಎನ್ನುತ್ತಿದ್ದೆ. ಕಂಪನಿ ಏನು ಮಾಡಬಹುದು, ಎಲ್ಲಿಯವರೆಗೆ ಮಾಡಬಹುದು ಎಂದು ಅದು ಹೇಳುತ್ತದೆ. ಆಚೆಗೆ ಉತ್ತರೆ ಆ ವ್ಯವಹಾರ ನಿಲ್ಲುವುದಿಲ್ಲ. 1875ರ ಆಶ್‌ಬರಿ ಪ್ರಕರಣದಲ್ಲಿ ರೈಲು ಬೋಗಿ ಮಾಡುವ ಕಂಪನಿ ಬೆಲ್ಜಿಯಂನಲ್ಲಿ ರೈಲು ದಾರಿ ಕಟ್ಟಲು ಹೊರಟಿತ್ತು. ಆ ಒಪ್ಪಂದವೇ ಶೂನ್ಯ ಎಂದಾಯಿತು. ಆರ್ಟಿಕಲ್ಸ್ ಎಂದರೆ ಎಲ್ಲೆಯ ಒಳಗಿನ ಮನೆ ಕಟ್ಟಳೆ. ಎಲ್ಲೆಕಲ್ಲು ಎಂದ ಮೇಲೆ ಮಂಡ್ಯ ಕಡೆಯ ಮಕ್ಕಳಿಗೆ ಇನ್ನೇನೂ ವಿವರಿಸಬೇಕಾಗುತ್ತಿರಲಿಲ್ಲ.

ಸಿಎಸ್, ಹೆಬ್ಬಾಳ ಕೈಗಾರಿಕಾ ಪ್ರದೇಶ

ನಾನು ಕಂಪನಿ ಸೆಕ್ರೆಟರಿ ಆಗಿ ಮೈಸೂರಲ್ಲೇ ಕೆಲಸ ಮಾಡುತ್ತಿದ್ದೇನೆ. ನಾನೂ ಕನ್ನಡ ಮಾಧ್ಯಮದವಳೇ. "ಏನೂ ಕಾಣಿಸುವುದಿಲ್ಲ" ಅಂದಿರಲ್ಲ ತಂಗಿ, ನನಗೂ ಹಾಗೇ ಆಗಿತ್ತು. ಬೋರ್ಡು ಓದಲು ಶುರು ಮಾಡಿದ ಮೇಲೆ ಸರಿಹೋಯಿತು.

ನಿಮ್ಮ ಮನೆ ಕರೆಂಟ್ ಬಿಲ್ ತೆಗೆಯಿರಿ. ಮೇಲೆ "ಚಾಮುಂಡೇಶ್ವರಿ ವಿದ್ಯುತ್ ಸರಬರಾಜು ನಿಗಮ ನಿಯಮಿತ" ಎಂದಿರುತ್ತದೆ. ನೀವು ಹತ್ತುವ ಬಸ್ಸಿನ ಮೇಲೆ "ಕರ್ನಾಟಕ ರಾಜ್ಯ ರಸ್ತೆ ಸಾರಿಗೆ ನಿಗಮ" ಎಂದಿರುತ್ತದೆ. ಎರಡೂ ನಿಗಮವೇ. ಕೊನೆಯ "ನಿಯಮಿತ" ಮಾತ್ರ ಒಂದರಲ್ಲಿದೆ. ನಿಯಮಿತ ಎಂದರೆ ಲಿಮಿಟೆಡ್. ಕರೆಂಟಿನದು ಕಂಪನಿ ಕಾಯ್ದೆಯಡಿ ನೋಂದಣಿಯಾದ ಸರ್ಕಾರಿ ಕಂಪನಿ. ಬಸ್ಸಿನದು 1950ರ ರಸ್ತೆ ಸಾರಿಗೆ ನಿಗಮಗಳ ಕಾಯ್ದೆಯಡಿ ಹುಟ್ಟಿದ್ದು, ಕಂಪನಿ ಅಲ್ಲ. ಆಮೇಲೆ ನಿಮ್ಮೂರ ಹಾಲಿನ ಡೈರಿ ಬೋರ್ಡು ನೋಡಿ. ಅಲ್ಲೂ ಕೊನೆಗೆ "ನಿ." ಇರಬಹುದು. ಆದರೆ ನಡುವೆ "ಸಹಕಾರ ಸಂಘ" ಇದೆ. ಅದು 1959ರ ಕರ್ನಾಟಕ ಸಹಕಾರ ಸಂಘಗಳ ಕಾಯ್ದೆಗೆ ಸೇರಿದ್ದು. ಹೆಸರಿನ ಬಾಲವನ್ನಷ್ಟೇ ನೋಡಿದರೆ ಸಾಲದು, ಪೂರ್ತಿ ಓದಬೇಕು.

ಕಬ್ಬಿನ ಊರಿನವರಿಗೆ ಇನ್ನೂ ಒಳ್ಳೆಯ ಪಾಠ ಇದೆ. ಮಂಡ್ಯದ ಮೈಷುಗರ್, 1933ರಲ್ಲಿ ಶುರುವಾದದ್ದು, ಸರ್ಕಾರಿ ಕಂಪನಿ. ಸೆಕ್ಷನ್ 2(45) ಪ್ರಕಾರ 51 ಪರ್ಸೆಂಟ್‌ಗಿಂತ ಕಡಿಮೆ ಇಲ್ಲದಷ್ಟು ಬಂಡವಾಳ ಸರ್ಕಾರದ್ದು ಇದ್ದರೆ ಅದು ಸರ್ಕಾರಿ ಕಂಪನಿ. ಪಾಂಡವಪುರದ್ದು ಹೆಸರೇ ಹೇಳುವಂತೆ ಸಹಕಾರಿ ಸಕ್ಕರೆ ಕಾರ್ಖಾನೆಯಾಗಿ ಹುಟ್ಟಿದ್ದು. ಭಾರತೀನಗರದ್ದು ಖಾಸಗಿ ಒಡೆತನದ ಲಿಮಿಟೆಡ್ ಕಂಪನಿ. ಮೂರಕ್ಕೂ ಹುಟ್ಟಿನಿಂದ ಬಂದ ಕೆಲಸ ಒಂದೇ, ಕಬ್ಬು ನುರಿಸುವುದು. ಓಟು ಯಾರಿಗೆ, ಲಾಭ ಯಾರಿಗೆ, ನಷ್ಟವಾದರೆ ಯಾರು ಹೊರಬೇಕು ಎಂಬುದು ಮಾತ್ರ ಬೇರೆ ಬೇರೆ. ವ್ಯವಹಾರ ಸ್ವರೂಪಗಳ ಅಧ್ಯಾಯ ಪೂರ್ತಿ ನಿಮ್ಮ ಜಿಲ್ಲೆಯಲ್ಲೇ ಇದೆ.

ಇನ್ನೊಂದು ನನಗೆ ತುಂಬಾ ಇಷ್ಟವಾದದ್ದು. ಸೆಕ್ಷನ್ 12 ಪ್ರಕಾರ ಕಂಪನಿ ತನ್ನ ಹೆಸರು, ವಿಳಾಸವನ್ನು ಕಚೇರಿಯ ಹೊರಗೆ ಬರೆಸಬೇಕು. ಬರೆದ ಲಿಪಿ ಆ ಊರಿನ ಜನರದ್ದಲ್ಲದಿದ್ದರೆ ಊರಿನ ಲಿಪಿಯಲ್ಲೂ ಬರೆಸಬೇಕು. ಅಂದರೆ ನಮ್ಮ ಹೆಬ್ಬಾಳದಲ್ಲಿ ಕನ್ನಡದಲ್ಲೂ ಬೋರ್ಡು ಇರಬೇಕು ಎಂದು ಕಂಪನಿ ಕಾಯ್ದೆಯೇ ಹೇಳುತ್ತದೆ.

ಅದೇ ಸೆಕ್ಷನ್ ಪ್ರಕಾರ ಬಿಲ್ಲು, ಲೆಟರ್‌ಹೆಡ್ ಮೇಲೆ ಸಿಐಎನ್ ಎಂಬ 21 ಅಕ್ಷರ ಅಂಕಿಗಳ ಸಂಖ್ಯೆ ಹಾಕಬೇಕು. ಅದು ಕಂಪನಿಯ ಜಾತಕ. ಮೊದಲ ಅಕ್ಷರ ಎಲ್ ಆದರೆ ಷೇರುಪೇಟೆಯಲ್ಲಿದೆ, ಯು ಆದರೆ ಇಲ್ಲ. ಮುಂದಿನ ಐದು ಅಂಕಿ ಯಾವ ಉದ್ಯಮ ಎಂದು ಹೇಳುತ್ತವೆ. ಆಮೇಲೆ ರಾಜ್ಯ, ನಮ್ಮದಾದರೆ ಕೆಎ. ಆಮೇಲೆ ನೋಂದಣಿಯಾದ ವರ್ಷ. ಆಮೇಲೆ ಪಿಟಿಸಿ ಅಂದರೆ ಪ್ರೈವೇಟ್, ಪಿಎಲ್‌ಸಿ ಅಂದರೆ ಪಬ್ಲಿಕ್. ಕೊನೆಗೆ ಆರು ಅಂಕಿಯ ನೋಂದಣಿ ಸಂಖ್ಯೆ. ಇನ್ಫೋಸಿಸ್‌ನದು ಎಲ್‌ನಿಂದ ಶುರುವಾಗಿ ಕೆಎ 1981 ಪಿಎಲ್‌ಸಿ ಎಂದು ಸಾಗುತ್ತದೆ. ದಿನಕ್ಕೆ ಒಂದು ಸಿಐಎನ್ ಓದಿ. ಹದಿನೈದು ದಿನದಲ್ಲಿ ಕಂಪನಿಗಳ ವಿಧ ನೀವೇ ಹೇಳುತ್ತೀರಿ.

ಕೊನೇ ವರ್ಷದವನು

ಮೇಡಂ, ನಿಯಮಿತದ ವಿಷಯ ನನಗೂ ಗೊತ್ತಿರಲಿಲ್ಲ. ದಿನಾ ಅದೇ ಬಸ್ಸಲ್ಲಿ ಹೋಗುತ್ತೇನೆ.

ಶ್ರೀರಂಗಪಟ್ಟಣದವನು

ಇವರ ಅಪ್ಪನ ಪ್ರಶ್ನೆಗೆ ಯಾರೂ ಉತ್ತರ ಕೊಡಲಿಲ್ಲ. ಸಾಲೊಮನ್ ಕಥೆ ಕೇಳಿದ ಮೇಲೆ ಉತ್ತರ ಸುಲಭ ಅಲ್ವಾ? ಪ್ರೈವೇಟ್ ಲಿಮಿಟೆಡ್ ಮಾಡಿಸಲಿ. ಬ್ಯಾಂಕ್ ಸಾಲ ತೀರದಿದ್ದರೂ ಮನೆ ಜಮೀನು ಮುಟ್ಟುವ ಹಾಗಿಲ್ಲ.

ನಿವೃತ್ತ ಬ್ಯಾಂಕಿನವನು, ಕುವೆಂಪುನಗರ

ದಯವಿಟ್ಟು ಆ ಮಾತನ್ನು ಯಾರೂ ನಂಬಬೇಡಿ. ನಾನು ವರ್ಷಗಟ್ಟಲೆ ಸಾಲದ ವಿಭಾಗದಲ್ಲಿದ್ದೆ. ಸಣ್ಣ ಪ್ರೈವೇಟ್ ಕಂಪನಿ ಸಾಲಕ್ಕೆ ಬಂದರೆ ಬ್ಯಾಂಕು ಸಾಮಾನ್ಯವಾಗಿ ಎರಡು ಸಹಿ ಹಾಕಿಸುತ್ತದೆ. ಒಂದು ಕಂಪನಿ ಪರವಾಗಿ ಡೈರೆಕ್ಟರ್ ಸಹಿ. ಇನ್ನೊಂದು ಅದೇ ಮನುಷ್ಯನ ಸ್ವಂತ ಜಾಮೀನು ಸಹಿ. ಕೈ ಒಂದೇ, ಪೆನ್ನು ಒಂದೇ. ಕಾನೂನಿಗೆ ಅವು ಇಬ್ಬರ ಸಹಿ. 1872ರ ಕರಾರು ಕಾಯ್ದೆಯ ಸೆಕ್ಷನ್ 128 ಪ್ರಕಾರ ಜಾಮೀನುದಾರನ ಹೊಣೆ ಸಾಲಗಾರನ ಹೊಣೆಯಷ್ಟೇ ದೊಡ್ಡದು. ಕಂಪನಿ ಸಾಲ ಕಟ್ಟದಿದ್ದರೆ ಬ್ಯಾಂಕು ನೇರವಾಗಿ ಜಾಮೀನುದಾರನ ಮನೆ ಬಾಗಿಲಿಗೆ ಬರುತ್ತದೆ. ಮನೆ ಪತ್ರ ಅಡವಿಟ್ಟಿದ್ದರಂತೂ ಕೇಳುವುದೇ ಬೇಡ. ಕಂಪನಿ ದಿವಾಳಿ ಪ್ರಕ್ರಿಯೆಗೆ ಹೋದರೂ ಸ್ವಂತ ಜಾಮೀನು ತಾನಾಗಿ ಕರಗುವುದಿಲ್ಲ ಎಂದು 2021ರ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟೇ ಹೇಳಿದೆ. ಲಲಿತ್ ಕುಮಾರ್ ಜೈನ್ ಪ್ರಕರಣ.

ನನ್ನ ಮುಂದೆ ಕೂತು ಒಬ್ಬರು ಕೇಳಿದ್ದರು, "ಸಾರ್, ಲಿಮಿಟೆಡ್ ಅಂದ್ರಲ್ಲ?" ಸಹಿ ಮಾಡುವ ದಿನ ಅವರಿಗೆ ಯಾರೂ ಬಿಡಿಸಿ ಹೇಳಿರಲಿಲ್ಲ. ಇವತ್ತಿಗೂ ಆ ಮುಖ ಮರೆತಿಲ್ಲ. ಅದಕ್ಕೇ ಇಷ್ಟು ಗಟ್ಟಿಯಾಗಿ ಬರೆಯುತ್ತಿದ್ದೇನೆ.

ಸೀಮಿತ ಹೊಣೆ ಎಂಬುದಕ್ಕೆ ಬೆಲೆಯೇ ಇಲ್ಲ ಎಂದಲ್ಲ. ಕಬ್ಬು ಕೊಟ್ಟವರ ಬಾಕಿ, ಸೌದೆಯವರ ಬಾಕಿ, ಯಾವುದೋ ಒಪ್ಪಂದ ಮುರಿದದ್ದಕ್ಕೆ ಪರಿಹಾರ, ಇವಕ್ಕೆ ಕಂಪನಿಯ ಆಸ್ತಿಯೇ ಹೊಣೆ. ಪಾಲುದಾರಿಕೆಯಲ್ಲಿ ಹಾಗಲ್ಲ. 1932ರ ಪಾಲುದಾರಿಕೆ ಕಾಯ್ದೆಯ ಸೆಕ್ಷನ್ 25 ಪ್ರಕಾರ ಫರ್ಮಿನ ಪ್ರತಿ ಕೆಲಸಕ್ಕೂ ಪ್ರತಿಯೊಬ್ಬ ಪಾಲುದಾರನೂ ಪೂರ್ತಿ ಹೊಣೆ. ಸ್ನೇಹಿತ ವ್ಯವಹಾರಕ್ಕೆಂದು ಮಾಡಿದ ಸಾಲ ನಿಮ್ಮ ಅಪ್ಪನ ತಲೆಗೂ ಬರುತ್ತದೆ, ಅರ್ಧ ಪಾಲು ಎಂಬ ಲೆಕ್ಕ ಸಾಲ ಕೊಟ್ಟವನಿಗೆ ತಟ್ಟುವುದಿಲ್ಲ.

ಕೊನೇ ವರ್ಷದವನು

ಇದರ ಜೊತೆಗೆ ಮುಸುಕು ಸರಿಸುವುದನ್ನೂ ಓದಬೇಕು. ಮೋಸಕ್ಕೆ ಕಂಪನಿಯನ್ನು ಅಡ್ಡ ಇಟ್ಟುಕೊಂಡರೆ ಕೋರ್ಟು ಆ ಮುಸುಕು ಎತ್ತಿ ಹಿಂದಿರುವ ಮನುಷ್ಯನನ್ನು ನೋಡುತ್ತದೆ. 1933ರ ಗಿಲ್‌ಫರ್ಡ್ ಮೋಟಾರ್ ಪ್ರಕರಣ. ಹಳೇ ಕಂಪನಿಯ ಗ್ರಾಹಕರನ್ನು ಸೆಳೆಯುವುದಿಲ್ಲ ಎಂದು ಬರೆದುಕೊಟ್ಟವನು ಹೊಸ ಕಂಪನಿ ಹೆಸರಲ್ಲಿ ಅದೇ ಕೆಲಸ ಮಾಡಿದ. ಅವನನ್ನೂ ಆ ಹೊಸ ಕಂಪನಿಯನ್ನೂ ಕೋರ್ಟು ತಡೆಯಿತು. ಸಾಲೊಮನ್ ಬರೆದವರು ಇದನ್ನು ಬರೆಯದಿದ್ದರೆ ಉತ್ತರ ಅರ್ಧ.

ಮಾಜಿ ಡೈರೆಕ್ಟರ್, ಮೈಸೂರು

ನನ್ನ ಅನುಭವ ಒಂದು ಹೇಳುತ್ತೇನೆ. ತಮ್ಮನ ಜೊತೆ ಸೇರಿ ಸಣ್ಣ ಪ್ರೈವೇಟ್ ಲಿಮಿಟೆಡ್ ಮಾಡಿದೆ. ಮಾಡಿಸಿಕೊಟ್ಟವರು "ವ್ಯಾಪಾರ ಶುರುವಾಗುವವರೆಗೆ ಏನೂ ಸಲ್ಲಿಸಬೇಕಾಗಿಲ್ಲ" ಅಂದರು. ನಂಬಿದೆವು. ವ್ಯಾಪಾರ ಶುರುವಾಗಲೇ ಇಲ್ಲ. ಆದರೆ ವ್ಯಾಪಾರ ಇರಲಿ ಬಿಡಲಿ, ಪ್ರತಿ ವರ್ಷ ಲೆಕ್ಕಪತ್ರ ಮತ್ತು ವಾರ್ಷಿಕ ರಿಟರ್ನ್ ಸಲ್ಲಿಸಲೇಬೇಕು. ತಡವಾದರೆ ಒಂದೊಂದು ಫಾರಂಗೆ ದಿನಕ್ಕೆ 100 ರೂಪಾಯಿ. ಎರಡು ಫಾರಂ, ದಿನಕ್ಕೆ 200. ಒಂದು ವರ್ಷ ತಡವಾದರೆ 73,000. ಒಂದು ರೂಪಾಯಿ ದುಡಿಯದ ಕಂಪನಿಗೆ ಅಷ್ಟು ಕಟ್ಟಿದೆವು. ಸತತ ಮೂರು ವರ್ಷ ಸಲ್ಲಿಸದಿದ್ದರೆ ಸೆಕ್ಷನ್ 164(2) ಪ್ರಕಾರ ಐದು ವರ್ಷ ಯಾವ ಕಂಪನಿಗೂ ಡೈರೆಕ್ಟರ್ ಆಗುವ ಹಾಗಿಲ್ಲ. ನಮ್ಮದು ಅಲ್ಲಿಗೆ ಹೋಗುವ ಮೊದಲೇ ಎಚ್ಚರವಾಯಿತು.

ತಂಗಿ, ನೀವು ಈ ವಿಷಯ ಚೆನ್ನಾಗಿ ಕಲಿಯಿರಿ. ನಮ್ಮಂಥವರಿಗೆ ಕನ್ನಡದಲ್ಲಿ ಹೇಳುವವರು ಬೇಕು.

ರೈತ ಕಂಪನಿ, ಮದ್ದೂರು

ನಮ್ಮದು ಉತ್ಪಾದಕ ಕಂಪನಿ. ನಾನು ಅದರ ಡೈರೆಕ್ಟರುಗಳಲ್ಲಿ ಒಬ್ಬ. ಇದಕ್ಕೆ ಕನಿಷ್ಠ 10 ಜನ ಬೆಳೆಗಾರರು ಬೇಕು. ಡೈರೆಕ್ಟರುಗಳು 5ಕ್ಕೆ ಕಡಿಮೆ ಇಲ್ಲ, 15ಕ್ಕೆ ಜಾಸ್ತಿ ಇಲ್ಲ. ಪ್ರೈವೇಟ್ ಕಂಪನಿ ಥರ 200ರ ಮಿತಿ ಇಲ್ಲ. ಷೇರು ಎಷ್ಟೇ ಇರಲಿ, ಒಬ್ಬರಿಗೆ ಒಂದೇ ಓಟು. ಇದು ಡೈರಿ ಸೊಸೈಟಿಯ ಗುಣ. ಆದರೆ ನೋಂದಣಿ ಕಂಪನಿ ಕಾಯ್ದೆಯಲ್ಲಿ. 1956ರ ಕಾಯ್ದೆಗೆ ಇದನ್ನು ಆಮೇಲೆ ಸೇರಿಸಿದರು, 2020ರ ತಿದ್ದುಪಡಿಯಿಂದ 2013ರ ಕಾಯ್ದೆಯಲ್ಲೇ ಬೇರೆ ಅಧ್ಯಾಯವಾಗಿದೆ.

ನಿಮ್ಮ ಅಪ್ಪನಂಥ ಇಬ್ಬರಿಗೆ ಇದು ಆಗಿಬರುವುದಿಲ್ಲ. ಇಬ್ಬರ ಆಲೆಮನೆಯನ್ನು ಹತ್ತು ಜನರದ್ದು ಮಾಡಿದರೆ ಬೆಲ್ಲದ ದರ ನಿರ್ಧರಿಸುವವರೂ ಹತ್ತು ಜನ. ಅದಕ್ಕೆ ಮನಸ್ಸು ಒಪ್ಪಿದರೆ ಮಾತ್ರ ಮಾಡಿ. ನಮ್ಮಲ್ಲಿ ಗೊಬ್ಬರ ಕೊಳ್ಳುವಾಗ ಒಬ್ಬ ಡೈರೆಕ್ಟರಿಗೆ ಸ್ವಂತ ಗೊಬ್ಬರದಂಗಡಿ ಇತ್ತು. ಅವರೇ ಸಭೆಯಲ್ಲಿ ಎದ್ದು ಹೇಳಿ ಆ ಚರ್ಚೆಯಿಂದ ಹೊರಗೆ ಕೂತರು. ಹಾಗೆ ನಡೆದುಕೊಂಡದ್ದರಿಂದ ನಂಬಿಕೆ ಉಳಿದಿದೆ.

ಸಿಎಸ್, ಹೆಬ್ಬಾಳ ಕೈಗಾರಿಕಾ ಪ್ರದೇಶ

ಇಬ್ಬರಿಗೆ ಎಲ್‌ಎಲ್‌ಪಿ, ಅಂದರೆ ಸೀಮಿತ ಹೊಣೆಯ ಪಾಲುದಾರಿಕೆ ಕೂಡ ಇದೆ, 2008ರ ಕಾಯ್ದೆ. ಪಾಲುದಾರಿಕೆಯ ಸರಳತೆ, ಕಂಪನಿಯ ಸೀಮಿತ ಹೊಣೆ. ಅದಕ್ಕೂ ವರ್ಷಕ್ಕೆ ಎರಡು ಫಾರಂ ಸಲ್ಲಿಸಬೇಕು. ಸ್ವರೂಪ ಆರಿಸುವ ಮೊದಲು ತಂಗಿ, ಈಗಿರುವ ಪಾಲುದಾರಿಕೆ ಪತ್ರ ಹುಡುಕಿ ಓದಿ. ನೋಂದಣಿ ಆಗಿದೆಯೇ ನೋಡಿ.

ರೈಲಿನ ಹುಡುಗಿ, ಮಂಡ್ಯ

ನಾಲ್ಕು ದಿನದಿಂದ ಉತ್ತರಿಸಲಿಲ್ಲ, ಕ್ಷಮಿಸಿ. ಪ್ರತಿಯೊಂದನ್ನೂ ರೈಲಿನಲ್ಲಿ ಓದಿದೆ. ಮಕೌರಾ ಕಥೆಯನ್ನು ಅಮ್ಮನಿಗೆ ಹೇಳಿದೆ. ಅಮ್ಮ ತಕ್ಷಣ "ಹಂಗಾದ್ರೆ ನಮ್ಮ ಮೋಟರು ಯಾರ ಹೆಸರಲ್ಲಿದೆ?" ಎಂದು ಅಪ್ಪನನ್ನು ಕೇಳಿದರು. ಮೇಷ್ಟ್ರೇ, ಅವರಿಗೆ ಅರ್ಥ ಆಯಿತು.

ಪಾಲುದಾರಿಕೆ ಪತ್ರ ಅಪ್ಪನ ಟ್ರಂಕಿನ ತಳದಲ್ಲಿ ಸಿಕ್ಕಿತು. ಸ್ಟಾಂಪ್ ಪೇಪರ್ ಮಡಿಕೆಯಲ್ಲಿ ಹರಿದಿದೆ. ನೋಂದಣಿ ಆಗಿಲ್ಲ. ಒಬ್ಬರು ತೀರಿಕೊಂಡರೆ ಗಾಣ, ಕೊಪ್ಪರಿಗೆ, ಬಾಕಿ ಹಣದ ಲೆಕ್ಕ ಹೇಗೆ ಎಂದು ಒಂದು ಸಾಲೂ ಇಲ್ಲ. ಇಬ್ಬರೇ ಇರುವ ಫರ್ಮಿನಲ್ಲಿ ಒಬ್ಬರು ಹೋದರೆ ಫರ್ಮು ಅಲ್ಲಿಗೇ ಮುಗಿಯುತ್ತದೆ ಎಂದು ಹೇಳಿದಾಗ ಅಪ್ಪ ತುಂಬಾ ಹೊತ್ತು ಮಾತಾಡಲಿಲ್ಲ.

ಆಮೇಲೆ ಇನ್ನೊಂದು ವಿಷಯ ಹೊರಬಂತು. ಒಬ್ಬ ಬೆಲ್ಲದ ವ್ಯಾಪಾರಿ 1 ಲಕ್ಷ 80 ಸಾವಿರ ಬಾಕಿ ಉಳಿಸಿಕೊಂಡಿದ್ದಾರೆ. ಅಪ್ಪ ಯಾರಿಗೂ ಹೇಳಿರಲಿಲ್ಲ. ನೋಂದಣಿ ಇಲ್ಲದ ಫರ್ಮು ಹೊರಗಿನವರ ಮೇಲೆ ದಾವೆ ಹಾಕುವಂತಿಲ್ಲ ಎಂದು ಪಾಲುದಾರಿಕೆ ಕಾಯ್ದೆಯ ಸೆಕ್ಷನ್ 69 ಹೇಳುತ್ತದಲ್ಲ, ಈಗ ಏನು ಮಾಡಬಹುದು?

ಹಳೇ ಮೇಷ್ಟ್ರು, ಸರಸ್ವತಿಪುರಂ

ದಾವೆ ಹಾಕುವ ಹೊತ್ತಿಗೆ ನೋಂದಣಿ ಆಗಿರಬೇಕು, ಇಬ್ಬರ ಹೆಸರೂ ಪಾಲುದಾರರ ಪಟ್ಟಿಯಲ್ಲಿರಬೇಕು. ಮೊದಲು ನೋಂದಣಿ, ಆಮೇಲೆ ದಾವೆ. ಮಾರಿದ ಮಾಲಿನ ಹಣಕ್ಕೆ ಕಾಲಮಿತಿ ಸಾಮಾನ್ಯವಾಗಿ ಮೂರು ವರ್ಷ. ಬಿಲ್ಲಿನ ತಾರೀಖು ನೋಡು ಮಗಳೇ. ತಡ ಮಾಡಬೇಡಿ, ಒಬ್ಬ ವಕೀಲರಿಗೂ ಕಾಗದ ತೋರಿಸಿ.

ರೈಲಿನ ಹುಡುಗಿ, ಮಂಡ್ಯ

ನೋಡಿದೆ ಸರ್. ಮೂರು ವರ್ಷ ತುಂಬಲು ಇನ್ನೂ ಏಳು ತಿಂಗಳಿದೆ. ಸೋಮವಾರ ಕಾಲೇಜಿಗೆ ರಜೆ ಹಾಕಿದ್ದೇನೆ. ಅಪ್ಪ, ಅವರ ಸ್ನೇಹಿತರು, ನಾನು ಮೂವರೂ ನೋಂದಣಿ ಕಚೇರಿಗೆ ಹೋಗುತ್ತಿದ್ದೇವೆ. ಹೊಸ ಪಾಲುದಾರಿಕೆ ಪತ್ರದ ಕರಡು ನಾನೇ ಬರೆಯುತ್ತಿದ್ದೇನೆ, ಕನ್ನಡದಲ್ಲಿ. ಮುಗಿದ ಮೇಲೆ ಹೆಸರು ತೆಗೆದು ಇಲ್ಲಿ ಹಾಕುತ್ತೇನೆ. ತಪ್ಪಿದ್ದರೆ ತಿದ್ದಿ ಕೊಡಿ.